ಎದುರುಮನೆಯ ಎಮ್ಮೆ

ಬಖೀತನ ಎಮ್ಮೆ ಮೊದಮೊದಲು ಮೇವಿನ ಹೊತ್ತಿಗೆ ಮಾತ್ರ ಒದರುತ್ತಿತ್ತು. ಆಮೇಲೆ ಹೊತ್ತುಗೊತ್ತಿಲ್ಲದೆ ಒದರತೊಡಗಿತು. ಈಗ ಅದರ ದನಿಯೇ ಒಡೆದುಹೋಗಿ, ಎಣ್ಣೆ ಕಾಣದ ಗಾಲಿಯಂತೆ ಕಿರುಗುಟ್ಟುತ್ತಿತ್ತು. ಓಣಿಯ ಎರಡೂ ಬದಿಯವರಿಗೆ ಅದು ಕೇಳಿಸುತ್ತಿತ್ತು. ಕೇಳಿಸದವರಂತೆ ತಮ್ಮ ತಮ್ಮ ಕಟ್ಟೆಯ ಮೇಲೆ ಕೂತು ಕರಿ ಚಹಾ ಕುಡಿಯುತ್ತಿದ್ದರು.

ಎಮ್ಮೆಗೆ ರೋಗವೇನೂ ಇರಲಿಲ್ಲ. ಅದರ ಯಜಮಾನ ಬಖೀತನ ಮಗ ಗಾದ್, ಎದುರುಮನೆಯ ಹರೀದಿಯನ್ನು ಕೊಂದಿದ್ದ. ಅದಕ್ಕೇ ಎಮ್ಮೆ ಉಪವಾಸ ಬಿದ್ದಿತ್ತು.

ಕೊಲೆಯಾದದ್ದು ನೀರಿನ ಪಾಳಿಯ ಜಗಳದಲ್ಲಿ. ಕಾಲುವೆಯ ಬಾಯಿ ಯಾರು ತಿರುವಿಕೊಂಡರೆಂದು ಮಾತಿಗೆ ಮಾತು ಬೆಳೆದು, ಗಾದ್ ಗುದ್ದಲಿ ಎತ್ತಿದ. ಹೆಗಲಿಗೆ ಬೀಳಬೇಕಾದದ್ದು ತಲೆಗೆ ಬಿತ್ತು. ಸೋಹಾಗ್ ಪಟ್ಟಣದಿಂದ ಪೊಲೀಸರು ಬಂದರು. ಹರೀದಿಯ ತಮ್ಮ ದಾಹಿ ಅವರ ಮುಂದೆ ಕೈಕಟ್ಟಿ ನಿಂತು, "ನಮಗ ಯಾರ ಮ್ಯಾಲೂ ಅನುಮಾನ ಇಲ್ರಿ" ಎಂದ. ನೋಡಿದವರೂ ನೋಡಿಲ್ಲವೆಂದರು. ನಮ್ಮ ಸೀಮೆಯಲ್ಲಿ ಆ ಮಾತಿನ ಅರ್ಥ, ಸೇಡು ನಾವೇ ತೀರಿಸಿಕೊಳ್ಳುತ್ತೇವೆ ಎಂಬುದು, ಪೊಲೀಸರಿಗೂ ಗೊತ್ತು. ಅವರು ಕಾಗದ ಮಡಚಿಕೊಂಡು ಹೋದರು. ದಾಹಿ ಅಣ್ಣನನ್ನು ಮಣ್ಣು ಮಾಡಿ ಬಂದ. ಸೇಡು ತೀರುವ ತನಕ ಬೇಡವೆಂದು, ಸಂತಾಪ ಹೇಳಲು ಬಂದವರನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿ, ಬಂದೂಕು ತೆಗೆದುಕೊಂಡು ಮಾಳಿಗೆ ಹತ್ತಿದ.

ಮಾಳಿಗೆಯಿಂದ ಬಖೀತನ ಬಾಗಿಲು ನೇರಕ್ಕೆ ಕಾಣುತ್ತಿತ್ತು. ಹಿತ್ತಲ ಕಡೆ, ಕಬ್ಬಿನ ಗದ್ದೆಯ ದಂಡೆಯಲ್ಲಿ, ದಾಹಿಯ ದೊಡ್ಡಪ್ಪನ ಮಗ ಶಹಾತನ ಜನ ಕಾಯುತ್ತಿದ್ದರು. ಒಳಗೆ ಇದ್ದವರು ಮೂವರು: ಗಾದ್, ಮುದುಕ ಬಖೀತ, ಅವನ ಹೆಂಡತಿ ಸತ್ತೂತಾ. ಜೊತೆಗೆ ಒಂದು ಎಮ್ಮೆ, ಅದರ ಕರು.

ಹೆಂಗಸರನ್ನು ಮುಟ್ಟುವ ರೂಢಿ ಇಲ್ಲ. ಸತ್ತೂತಾ ಕೊಡ ಹಿಡಿದು, ನೋಯುವ ಮಂಡಿಯನ್ನು ಎಳೆಯುತ್ತ ನಲ್ಲಿಗೆ ಹೋಗಿಬರುತ್ತಿದ್ದಳು, ಯಾರೂ ತಡೆಯಲಿಲ್ಲ. ಆದರೆ ಒಂದು ಬೆಳಿಗ್ಗೆ ಆಕೆ ತನ್ನ ಹೊಲದಿಂದ ಸಣ್ಣದೊಂದು ಬರ್ಸೀಮ್ ಹುಲ್ಲಿನ ಸಿವುಡು ತಂದಾಗ ಶಹಾತ ಓಣಿಯ ಬಾಯಿಯಲ್ಲಿ ಅಡ್ಡ ನಿಂತ. ಅವಳ ಮೈ ಮುಟ್ಟಲಿಲ್ಲ. ತಲೆಯ ಮೇಲಿದ್ದ ಸಿವುಡನ್ನು ಬಂದೂಕಿನ ತುದಿಯಿಂದ ತಳ್ಳಿ ಕಾಲುವೆಗೆ ಕೆಡವಿದ.

"ರೊಟ್ಟಿ ಒಯ್ಯಿ, ನೀರು ಒಯ್ಯಿ. ಹುಲ್ಲು ಮಾತ್ರ ಒಳಗ ಹೋಗಂಗಿಲ್ಲ" ಎಂದ.

ಅಂದಿನಿಂದ ಎಮ್ಮೆ ಒದರುತ್ತಿತ್ತು. ಆ ಮನೆಗೆ ಒಂದು ಹಿಡಿ ಮೇವು ಕೊಟ್ಟವನು ದಾಹಿಗೂ ಶಹಾತನಿಗೂ ವೈರಿಯಾಗುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರೂ ಕೊಡಲಿಲ್ಲ.

ಹರೀದಿಯ ತಾಯಿ ನಬವಿಯಾ ಮಗ ಸತ್ತ ದಿನದಿಂದ ಅತ್ತಿರಲಿಲ್ಲ. ಸೇಡು ತೀರುವವರೆಗೆ ಅಳುವಂತಿಲ್ಲವೆಂದು ಮೈದುನಂದಿರು ಹೇಳಿದ್ದರು. ಅವಳು ಹಿಟ್ಟು ನಾದುವಳು, ಬಿಸಿಲಿಗೆ ರೊಟ್ಟಿ ಉಬ್ಬಲು ಇಡುವಳು, ಮಾಳಿಗೆಗೆ ಚಹಾ ಒಯ್ದು ಕೊಡುವಳು. ಎಮ್ಮೆ ಒದರಿದಾಗಲೆಲ್ಲ ಅವಳ ಕೈ ಹಿಟ್ಟಿನಲ್ಲೇ ನಿಲ್ಲುತ್ತಿತ್ತು.

ಶುಕ್ರವಾರ ಮಸೀದಿಯಲ್ಲಿ ಶೇಖ್ ಮಖ್ಲೂಫ್ ಪ್ರವಚನ ಮಾಡಿದರು. ಮೈಕಿನ ದನಿ ಊರಿಗೆಲ್ಲ ಕೇಳಿತು. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ಕ್ರಮದ ಬಗ್ಗೆ ಅವರು ಬಹಳ ಹೊತ್ತು ವಿವರಿಸಿದರು. ನಡುನಡುವೆ ಅವರು ಉಸಿರು ತೆಗೆದುಕೊಂಡಾಗ ಎಮ್ಮೆಯ ದನಿ ಕೇಳುತ್ತಿತ್ತು. ಶೇಖರು ಮಾತು ಬೇಗಬೇಗ ಮುಂದುವರಿಸುತ್ತಿದ್ದರು.

ನಮಾಜು ಮುಗಿದು ಜನ ಚದುರಿದ ಮೇಲೆ ನಬವಿಯಾ ಮಸೀದಿಯ ಗೋಡೆಯ ಪಕ್ಕ ಕರಿ ಮುಸುಕು ಹೊದ್ದು ನಿಂತಿದ್ದಳು.

"ಶೇಖರೇ, ಒಂದು ಮಾತು ಕೇಳಬೇಕಾಗಿತ್ತು."

"ಕೇಳವ್ವಾ" ಎಂದರು ಶೇಖರು, ಚಪ್ಪಲಿ ಹಾಕಿಕೊಳ್ಳುತ್ತ.

"ಆ ಬೆಕ್ಕಿನ ಹೆಂಗಸಿನ ಕತಿ. ಸಣ್ಣಾಕಿದ್ದಾಗ ಕೇಳಿದ್ದೆ, ಮರತೈತಿ. ಆಕಿ ಏನು ಮಾಡಿದ್ಲು?"

ಶೇಖರು ಎಡಕ್ಕೂ ಬಲಕ್ಕೂ ನೋಡಿದರು. "ಬೆಕ್ಕನ್ನ ಕೂಡಿ ಹಾಕಿದ್ಲು. ತಾನೂ ತಿನ್ನಾಕ ಕೊಡಲಿಲ್ಲ, ಹೊರಗ ಹುಳಹುಪ್ಪಡಿ ತಿಂದು ಬದುಕಲಿ ಅಂತ ಬಿಡಲೂ ಇಲ್ಲ. ಅದು ಸತ್ತಿತು. ಅದಕ್ಕ ಆಕಿ ನರಕಕ್ಕ ಹೋದ್ಲು ಅಂತ ಪ್ರವಾದಿಗಳು ಹೇಳ್ಯಾರ."

"ನಮಾಜು ಮಾಡ್ತಿದ್ಲೇನು ಆಕಿ?"

"ಮಾಡ್ತಿದ್ದಿರಬೇಕು."

"ಮಗನ್ನ ಕಳಕೊಂಡಾಕಿ ಇದ್ಲೇನು?"

ಶೇಖರು ತಡವರಿಸಿದರು. "ಅದನ್ನೆಲ್ಲ ಹೇಳಿಲ್ಲವ್ವಾ."

"ಹೇಳಿಲ್ಲ ಅಂದ್ರ ಅದು ಲೆಕ್ಕಕ್ಕ ಬರಂಗಿಲ್ಲ ಅಂತಾತು." ನಬವಿಯಾ ಮುಸುಕಿನ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಮತ್ತೆ ಕೇಳಿದಳು, "ನೆರಿಯವರ ಬಗ್ಗೆ?"

"ದೇವದೂತ ಜಿಬ್ರೀಲರು ನೆರಿಯವರ ಬಗ್ಗೆ ಎಷ್ಟು ಸಾರಿ ಒತ್ತಿ ಹೇಳಿದ್ರು ಅಂದ್ರ, ಇನ್ನ ಆಸ್ತ್ಯಾಗೂ ಪಾಲು ಕೊಡಸ್ತಾರೇನೋ ಅಂತ ಪ್ರವಾದಿಗಳಿಗೆ ಅನ್ನಿಸಿತಂತ."

"ಇದೆಲ್ಲ ಬಿಟ್ಟು ನೀವು ಇವತ್ತು ಮಾರಿ ತೊಳಿಯೋದು ಹೆಂಗ ಅಂತ ಹೇಳಿದ್ರಿ. ಅದು ನಮಗ ಗೊತ್ತಿತ್ತು ಶೇಖರೇ."

ಶೇಖರ ಮುಖ ಕೆಂಪಾಯಿತು. "ನನಗೂ ಹೆಂಡ್ತಿ ಮಕ್ಕಳು ಅದಾರವ್ವಾ."

"ಅದೂ ಗೊತ್ತೈತಿ" ಎಂದು ನಬವಿಯಾ ಹೊರಟಳು.

ಮನೆಗೆ ಬಂದು ಚಹಾ ಕಾಸಿ ಮಾಳಿಗೆಗೆ ಒಯ್ದಳು. ಮರುಭೂಮಿಯ ಕಡೆಯಿಂದ ದೂಳಿನ ಗಾಳಿ ಎದ್ದು ಆಕಾಶ ಹಳದಿಯಾಗಿತ್ತು. ದಾಹಿ ಮಾಳಿಗೆಯ ಗೋಡೆಗೆ ಒರಗಿ ಕೂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಉರಿಯುತ್ತಿದ್ದವು. ತಾಯಿ ಲೋಟವನ್ನು ಅವನ ಕೈಗೆ ಕೊಟ್ಟಳು.

"ಆ ಎಮ್ಮಿ ನೆಲ ಹಿಡದೈತಿ" ಎಂದಳು. "ನಿಂತು ಒದರೋ ದನಿ ಬ್ಯಾರೆ, ಬಿದ್ದು ಒದರೋ ದನಿ ಬ್ಯಾರೆ."

"ಬೀಳಲಿ."

"ಅದೇನು ಮಾಡೇತಿ ನಿನಗ?"

"ಏನೂ ಮಾಡಿಲ್ಲ. ಈಗ ಮಾಡಾಕತ್ತೈತಿ, ನನ್ನ ಕೆಲಸ. ಗಾದ್ ಎಷ್ಟು ದಿನ ಕಿವಿ ಮುಚ್ಚಿಕೊಂಡು ಕೂಡ್ತಾನ? ಗಂಡಸಾಗಿದ್ರ ಒಂದು ಹಿಡಿ ಹುಲ್ಲಿಗೆ ಹೊರಗ ಬರ್ತಾನ. ಬರಲಿ."

"ಹರೀದಿ ಇದ್ದಿದ್ರ ಇದನ್ನ..."

"ಹರೀದಿ ಇಲ್ಲ!" ಲೋಟದ ಚಹಾ ತುಳುಕಿತು. ಆಮೇಲೆ ದಾಹಿ ದನಿ ತಗ್ಗಿಸಿದ. "ಊರಾಗ ಏನಂತಾರ ಗೊತ್ತೈತೇನು ಯವ್ವಾ? ಶಹಾತ ನನ್ನ ಮಾರಿ ಮುಂದ ಅಂದ: ನಿನ್ನ ಕೈಲೆ ಆಗದಿದ್ರ ನಿಮ್ಮವ್ವನ ಮುಸುಕು ಹೊತಗೊಂಡು ಒಲಿ ಮುಂದ ಕೂಡು, ಬಂದೂಕು ನನ್ನ ಕೈಗೆ ಕೊಡು ಅಂದ."

ಎದುರುಮನೆಯಿಂದ ಮತ್ತೆ ಆ ಒಡಕು ದನಿ ಬಂತು. ಅದರ ಹಿಂದೆಯೇ ಕರುವಿನ ಸಣ್ಣ ದನಿ. ತಾಯಿ ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಅವಳು ಕುಡುಗೋಲು ತೆಗೆದುಕೊಂಡು ತನ್ನ ಹೊಲಕ್ಕೆ ಹೋದಳು. ಆ ವರ್ಷದ ಕೊನೆಯ ಬರ್ಸೀಮ್ ಅದು, ಅರ್ಧ ಬಲಿತು ಹೂವಾಗಿತ್ತು. ಎಳೆಯದನ್ನು ಆರಿಸಿ ಕೊಯ್ದು, ಹೊತ್ತು ನಡೆಯಲು ಆಗುವಷ್ಟೂ ದೊಡ್ಡ ಹೊರೆ ಕಟ್ಟಿದಳು.

ಓಣಿಯ ಬಾಯಿಯ ಕಟ್ಟೆಯ ಮೇಲೆ ಶಹಾತ ಕೂತಿದ್ದ.

"ಏನ್ ಕಾಕಿ, ಎರಡು ಮೇಕಿಗೆ ಇಷ್ಟು ದೊಡ್ಡ ಹೊರಿ? ಹೊಟ್ಟಿ ಒಡದು ಸತ್ತಾವು!" ಎಂದು ನಕ್ಕ.

"ಇದು ಮೇಕಿಗಲ್ಲ."

ಶಹಾತನ ನಗು ಹಾಗೇ ನಿಂತಿತು. ಅವನು ಎದ್ದ. ಸತ್ತೂತಾಳ ತಲೆಯ ಸಿವುಡನ್ನು ತಳ್ಳಿದ ಹಾಗೆ ಇದನ್ನು ತಳ್ಳಲು ಅವನಿಗೆ ಆಗಲಿಲ್ಲ. ಇವಳು ಸತ್ತವನ ತಾಯಿ. ಬಂದೂಕು ಹಿಡಿದು ಅವಳ ಹಿಂದೆಯೇ ನಡೆಯುತ್ತ ಕೂಗಿದ, "ದಾಹೀ! ನಿಮ್ಮವ್ವನ ನೋಡೋ! ಎಲ್ಲಿ ಹೊಂಟಾಳ ನೋಡು!"

ಓಣಿಯ ಉದ್ದಕ್ಕೂ ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ನಬವಿಯಾ ತನ್ನ ಮನೆಯ ಬಾಗಿಲು ದಾಟಿ ನಡೆದಳು.

"ಯವ್ವಾ" ಎಂದ ದಾಹಿ ಮೇಲಿಂದ. "ನಮ್ಮ ಬಾಗಲು ಈ ಕಡಿ ಐತಿ."

"ಗೊತ್ತೈತಿ."

"ನಿಲ್ಲು. ಆ ಬಾಗಲು ತೆರದ್ರ ನಾ ಹೊಡಿತೀನಿ. ಯಾರು ಕಂಡ್ರೂ ಹೊಡಿತೀನಿ."

"ಹೊಡಿ. ಬಾಗಲಾಗ ನಾನು ನಿಂತಿರ್ತೀನಿ."

ಅವಳು ಬಖೀತನ ಬಾಗಿಲ ಮುಂದೆ ನಿಂತಳು. ಮಾಳಿಗೆಯ ಮೇಲಿಂದ ಢಮ್ಮೆಂದಿತು. ಗುಂಡು ಬಾಗಿಲ ಮೇಲ್ಗಡೆಯ ಮಣ್ಣಿಗೆ ಬಡಿದು ಹೆಂಟೆಗಳು ಹೊರೆಯ ಮೇಲೆ ಉದುರಿದವು. ಎಲ್ಲೋ ಒಂದು ಮಗು ಅತ್ತಿತು, ಯಾರೋ ಅದರ ಬಾಯಿ ಮುಚ್ಚಿದರು. ನಬವಿಯಾ ಒಂದು ಕೈಯಿಂದ ಹುಲ್ಲಿನ ಮೇಲಿನ ಮಣ್ಣು ಕೊಡವಿ, ಇನ್ನೊಂದು ಕೈಯಿಂದ ಬಾಗಿಲು ಬಡಿದಳು.

"ಯಾರು?" ಒಳಗಿನಿಂದ ಸತ್ತೂತಾಳ ದನಿ.

"ಹರೀದಿ ಅವ್ವ."

ಒಳಗೆ ಅಗುಳಿ ಅಲುಗಿ ಅಲ್ಲೇ ನಿಂತಿತು.

"ತೆಗಿ ಸತ್ತೂತಾ. ಹೊರಿ ತಲಿ ಮ್ಯಾಲೈತಿ, ಕುತ್ತಿಗಿ ಮುರಿಯಾಕತ್ತೈತಿ."

ಅಗುಳಿ ಸರಿಯಿತು. ನಬವಿಯಾ ಬಾಗಿಲ ತುಂಬ ತನ್ನ ಮೈಯನ್ನೂ ಹೊರೆಯನ್ನೂ ಅಡ್ಡ ಹಿಡಿದು ಒಳಗೆ ಸರಿದಳು. ಹಿಂದೆ ಬಾಗಿಲು ಮುಚ್ಚಿತು.

ಒಳಗೆ ಕತ್ತಲೆ, ಗಂಜಲದ ವಾಸನೆ. ಕಣ್ಣು ಹೊಂದಿಕೊಂಡ ಮೇಲೆ ಕೊಟ್ಟಿಗೆ ಕಂಡಿತು. ಎಮ್ಮೆ ಪಕ್ಕೆಯ ಮೇಲೆ ಬಿದ್ದಿತ್ತು, ಅದರ ಹೊಟ್ಟೆಗೆ ಒತ್ತಿಕೊಂಡು ಕರು. ಗೋದಲಿಯಲ್ಲಿ ಹರಿದ ಖರ್ಜೂರದ ಗರಿಯ ಚಾಪೆ, ಸೂರಿನಿಂದ ಎಳೆದ ಒಣ ಕಬ್ಬಿನ ರವದಿ. ಮನೆಯಲ್ಲಿ ಹಾಸಿ ಮಲಗುವುದನ್ನೂ ಅವರು ಎಮ್ಮೆಗೆ ಹಾಕಿದ್ದರು. ಮುದುಕ ಬಖೀತ ಗೋಡೆ ಹಿಡಿದು ಎದ್ದು ನಿಂತ. ಎಮ್ಮೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಗಾದ್.

ಹಿಂದಿನ ಈದ್ ಹಬ್ಬದಲ್ಲಿ ಅವನು ಹರೀದಿಯ ಪಕ್ಕದಲ್ಲೇ ಕೂತು ಅವಳ ಮನೆಯಲ್ಲಿ ಉಂಡಿದ್ದ. ಅವಳೇ ಬಡಿಸಿದ್ದಳು.

ನಬವಿಯಾ ಹೊರೆ ಇಳಿಸಿದಳು. ಕುಡುಗೋಲು ಹೊರೆಯೊಳಗೇ ಇತ್ತು. ಅದು ನೆಲಕ್ಕೆ ಬಿದ್ದು ಟಣ್ಣೆಂದಿತು. ನಾಲ್ವರೂ ಅದನ್ನೇ ನೋಡಿದರು. ಗಾದ್ ಕದಲಲಿಲ್ಲ. ಕುತ್ತಿಗೆ ಬಾಗಿಸಿ ಕೂತೇ ಇದ್ದ. ಅವಳ ಕೈ ಕುಡುಗೋಲಿನ ಹಿಡಿಯವರೆಗೆ ಹೋಗಿ, ಅಲ್ಲೇ ತಡೆದು, ಪಕ್ಕದ ಹುಲ್ಲಿನ ಹಿಡಿಯನ್ನು ತೆಗೆದುಕೊಂಡಿತು.

"ಸತ್ತೂತಾ, ನೀರು ಮೊದಲು. ಸ್ವಲ್ಪ ಸ್ವಲ್ಪ."

ಎಮ್ಮೆ ನೀರು ಕುಡಿಯಿತು. ಎಳೆ ಹುಲ್ಲನ್ನು ಮೂಸಿ, ನಾಲಿಗೆ ಚಾಚಿ, ಮೆಲ್ಲಗೆ ಎಳೆದುಕೊಂಡಿತು. ಸತ್ತೂತಾ ಬಾಯಿಗೆ ಸೆರಗು ತುರುಕಿಕೊಂಡು ಬಿಕ್ಕಿದಳು.

"ಇದನ್ನ ಎಬ್ಬಿಸಬೇಕು" ಎಂದಳು ನಬವಿಯಾ, ಯಾರ ಕಡೆಗೂ ನೋಡದೆ. "ಕೊಡದ ನೀರಿಗೆ ಇದರ ಮೈ ಕಾವು ಇಳಿಯಂಗಿಲ್ಲ. ಕಾಲುವ್ಯಾಗ ಮುಳುಗಬೇಕು."

ಒಂದು ಕಡೆ ಗಾದ್, ಇನ್ನೊಂದು ಕಡೆ ಅವಳು, ಎಮ್ಮೆಯ ಹೊಟ್ಟೆಯ ಕೆಳಗೆ ಕೈಕೊಟ್ಟು ಎತ್ತಿದರು. ಹೊಟ್ಟೆಯಡಿ ಅವನ ಬೆರಳು ಅವಳ ಬೆರಳಿಗೆ ತಾಗಿತು. ಅವಳು ಮುಖ ಆಚೆ ತಿರುಗಿಸಿದಳು. ಆದರೆ ಕೈ ಬಿಡಲಿಲ್ಲ. ಎಮ್ಮೆ ನಡುಗುತ್ತ ನಿಂತಿತು.

"ಕಾಕೀ, ನಾನು..." ಎಂದ ಗಾದ್.

"ಬಾಯಿ ಮುಚ್ಚು. ನಿನ್ನ ದನಿ ನನ್ನ ಕಿವಿಗೆ ಬೀಳಬಾರದು."

ಅವಳು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಬಾಗಿಲು ತೆಗೆದಳು.

ಹೊರಗೆ ಬಿಸಿಲು ಕಣ್ಣಿಗೆ ಚುಚ್ಚಿತು. ಎಮ್ಮೆ ತೂರಾಡುತ್ತ ಹೊಸ್ತಿಲು ದಾಟಿತು, ಹಿಂದೆ ಕರು. ಶಹಾತ ಓಣಿಯ ನಡುವೆ ಕಾಲು ಅಗಲಿಸಿ ನಿಂತಿದ್ದ.

"ಕಾಕಿ, ಹಗ್ಗ ಬಿಡು."

"ದಾರಿ ಬಿಡು."

"ಹರೀದಿ ರಕ್ತ ಇನ್ನ ಒಣಗಿಲ್ಲ, ನೀನು ಕೊಂದವನ ಎಮ್ಮಿ ಮೈ ತೊಳಿಯಾಕ ಹೊಂಟಿ! ಊರು ನಮ್ಮ ಮಾರಿಗೆ ಉಗುಳತೈತಿ."

"ಉಗುಳಲಿ, ಒರಸ್ಕೊಂತೀನಿ. ನರಕದ ಬೆಂಕಿ ಒರಸ್ಕೊಳ್ಳಾಕ ಬರಂಗಿಲ್ಲ."

"ಹಂಗಾದ್ರ ಎಮ್ಮಿನೇ ಇರಂಗಿಲ್ಲ!" ಎಂದವನೇ ಶಹಾತ ಬಂದೂಕು ಎತ್ತಿ ಹೊಡೆದ.

ಸಿಟ್ಟಿನಲ್ಲಿ ಗುರಿ ತಪ್ಪಿ ಗುಂಡು ಎಮ್ಮೆಯ ಮುಂಗಾಲ ಬಳಿ ನೆಲ ಸೀಳಿತು. ಎಮ್ಮೆ ಬೆದರಿ ಗಿರ್ರನೆ ತಿರುಗಿತು. ಮುಂಗೈಗೆ ಸುತ್ತಿದ ಹಗ್ಗ ಬಿಗಿದು ನಬವಿಯಾ ಗಾಳಿಪಟದಂತೆ ಸೆಳೆಯಲ್ಪಟ್ಟು ಗೋಡೆಯ ಬುಡಕ್ಕೆ ಬಿದ್ದಳು. ಎಲುಬು ಲಟಕ್ಕೆಂದದ್ದು ಮಾಳಿಗೆಯವರೆಗೂ ಕೇಳಿತು. ಎಮ್ಮೆಯ ಹಿಂಗಾಲು ಸೋತವು. ಅಷ್ಟು ದೊಡ್ಡ ಕರಿ ಮೈ ಅವಳ ಮೇಲೆಯೇ ವಾಲತೊಡಗಿತು.

ಬಖೀತನ ಬಾಗಿಲು ಧಡಕ್ಕನೆ ತೆರೆಯಿತು. ಗಾದ್ ಬರಿಗಾಲಲ್ಲಿ, ಬರಿಗೈಯಲ್ಲಿ ಓಡಿಬಂದು ಎಮ್ಮೆಗೂ ಗೋಡೆಗೂ ನಡುವೆ ನುಗ್ಗಿದ. ಬೆನ್ನು ಗೋಡೆಗೆ ಕೊಟ್ಟು, ಹೆಗಲನ್ನು ಎಮ್ಮೆಯ ಪಕ್ಕೆಗೆ ಒತ್ತಿ, ಅದರ ಭಾರವನ್ನೆಲ್ಲ ತನ್ನ ಮೇಲೆ ತೆಗೆದುಕೊಂಡು ತಡೆದ. ಅವನ ಕಾಲುಗಳ ನಡುವೆ ನಬವಿಯಾ ಬಿದ್ದಿದ್ದಳು.

"ಹೊರಗ ಬಂದ!" ಎಂದು ಶಹಾತ ಕಿರುಚಿದ. ಅವನ ಬಂದೂಕು ಬರಿದಾಗಿತ್ತು; ತೋಟಾಕ್ಕೆ ಜೇಬು ತಡಕುತ್ತಿದ್ದ. "ದಾಹೀ, ಹೊಡಿ! ನಿನ್ನ ಕಣ್ಣ ಮುಂದ ಅದಾನ, ಹೊಡಿ!"

ದಾಹಿ ಬಂದೂಕನ್ನು ಕೆನ್ನೆಗೆ ಒತ್ತಿದ. ಇಷ್ಟು ದಿನ ನಿದ್ದೆಗೆಟ್ಟು ಕಾದದ್ದು ಇದಕ್ಕೇ. ಗಾದನ ಬೋಳು ತಲೆ, ಬೆವರಿದ ಕುತ್ತಿಗೆ, ಉಬ್ಬಿದ ನರ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಕುರುಡನಾದರೂ ತಪ್ಪುವ ಹಾಗಿರಲಿಲ್ಲ. ಗಾದ್ ಮೇಲೆ ನೋಡಿದ, ಬಂದೂಕು ಕಂಡ, ಆದರೂ ಹೆಗಲು ಸಡಿಲಿಸಲಿಲ್ಲ. ಸಡಿಲಿಸಿದರೆ ಎಮ್ಮೆ ಬೀಳುತ್ತಿತ್ತು, ದಾಹಿಯ ತಾಯಿಯ ಎದೆಯ ಮೇಲೆಯೇ.

ಓಣಿಯಲ್ಲಿ ಎಮ್ಮೆಯ ಏದುಸಿರೊಂದೇ ಕೇಳುತ್ತಿತ್ತು.

ಎಮ್ಮೆ ನಿಧಾನಕ್ಕೆ ಕಾಲೂರಿ ಸಾವರಿಸಿಕೊಂಡಿತು. ಗಾದ್ ಬಗ್ಗಿ ನಬವಿಯಾಳ ಮುಂಗೈಗೆ ಬಿಗಿದಿದ್ದ ಹಗ್ಗ ಬಿಚ್ಚಿದ. ಈಗ ಅಡ್ಡವೇನೂ ಇರಲಿಲ್ಲ.

"ಒಳಗ ಹೋಗೋ!"

ಕೂಗಿದವನು ದಾಹಿ. ದನಿ ಒಡೆದು ಹುಡುಗನ ದನಿಯಾಗಿತ್ತು. "ಒಳಗ ಹೋಗು ಹಾಳಾದವನ! ನನ್ನ ಕಣ್ಣ ಮುಂದಿಂದ ಹೋಗು, ಹೋಗಲೇ!"

ಗಾದ್ ಹೋಗಲಿಲ್ಲ. ನಬವಿಯಾಳನ್ನು ಎಬ್ಬಿಸಲು ಕೈ ಚಾಚಿದ.

"ಮುಟ್ಟಬ್ಯಾಡ" ಎಂದಳು ಅವಳು.

ಅವನು ಕೈ ಹಿಂದೆ ತೆಗೆದುಕೊಂಡ. ಒಂದು ಗಳಿಗೆ ಹಾಗೇ ನಿಂತು, ಬೆನ್ನನ್ನು ಬಂದೂಕಿಗೆ ಕೊಟ್ಟು, ನಡೆದುಕೊಂಡೇ ಒಳಗೆ ಹೋದ. ಯಾರೂ ಹೊಡೆಯಲಿಲ್ಲ. ಶಹಾತ ತೋಟಾ ತುಂಬಿಕೊಳ್ಳುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಅವನು ಮಾಳಿಗೆಯ ಕಡೆ ಉಗುಳಿ, "ಇನ್ನ ಮ್ಯಾಲೆ ನಮ್ಮ ಮನಿ ಬಾಗಲಿಗೆ ಬರಬ್ಯಾಡ" ಎಂದು ಹೊರಟುಹೋದ.

ನಬವಿಯಾ ಗೋಡೆ ಹಿಡಿದು ಎದ್ದಳು. ಬಲ ಮುಂಗೈ ಸೊಟ್ಟಗೆ ಜೋತುಬಿದ್ದಿತ್ತು. ಅದನ್ನು ಮುಸುಕಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು, ಎಡಗೈಯಲ್ಲಿ ಹಗ್ಗ ಹಿಡಿದಳು. ದಾಹಿ ಬರಿಗೈಯಲ್ಲಿ ಮೆಟ್ಟಿಲಿಳಿದು ಓಡಿಬಂದ.

"ಯವ್ವಾ, ಕೈ ಮುರದೈತಿ. ವೈದ್ಯರ ಕಡಿ ಹೋಗೂಣು, ಬಾ."

"ನೀರು ಕುಡಿಸಿ ಬರ್ತೀನಿ."

"ಹಗ್ಗ ನನಗ ಕೊಡು."

ಅವಳು ಮಗನ ಮುಖ ನೋಡಿದಳು. "ಕೊಟ್ರ ಒಯ್ತೀಯೇನು?"

ದಾಹಿ ಎದುರುಮನೆಯ ಬಾಗಿಲ ಕಡೆ ನೋಡಿದ. "ಇಲ್ಲ" ಎಂದ. "ನನ್ನ ಕೈಲೆ ಆಗಂಗಿಲ್ಲ."

"ಹಂಗಾದ್ರ ಕರು ಹಿಡಿ. ಅದು ಹುಟ್ಟಿದ್ದು ಹರೀದಿ ಸತ್ತ ಮ್ಯಾಲೆ."

ಅವನು ಕರುವನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ತಾಯಿಯ ಹಿಂದೆ ನಡೆದ. ಕಾಲುವೆಯಲ್ಲಿ ಎಮ್ಮೆ ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿತು. ದಾಹಿ ದಂಡೆಯ ಮೇಲೆ ಅದಕ್ಕೆ ಬೆನ್ನು ಮಾಡಿ ಕೂತಿದ್ದ. ಆ ಸಂಜೆ ಯಾರೋ ಬಖೀತನ ಗೋಡೆಯ ಮೇಲಿಂದ ಒಂದು ಹೊರೆ ಹುಲ್ಲು ಒಗೆದರು. ಮರುದಿನ ಇನ್ಯಾರೋ ಒಗೆದರು. ದಾಹಿ ಮತ್ತೆ ಮಾಳಿಗೆ ಹತ್ತಲಿಲ್ಲ.

ಕಬ್ಬಿನ ಗದ್ದೆ ಕಾಯುತ್ತಿದ್ದವರೂ ಒಬ್ಬೊಬ್ಬರಾಗಿ ಮನೆಗೆ ಹೋದರು. ಹಿರಿಯರಿಗೆ, ಶೇಖರಿಗೆ, ಆಗ ಬಾಯಿ ಬಂತು. ಮಾತುಕತೆಗಳಾದವು, ಮುರಿದವು, ಮತ್ತೆ ಆದವು. ಕೊನೆಗೆ ಒಂದು ದಿನ ಗಾದ್, ಪ್ರಾಣ ಒಪ್ಪಿಸುವ ಗುರುತಾಗಿ, ತನ್ನ ಹೆಣದ ಬಟ್ಟೆಯನ್ನು ತಾನೇ ಎರಡು ಕೈಯಲ್ಲಿ ಹೊತ್ತು, ಬರಿತಲೆಯಲ್ಲಿ, ಊರೆಲ್ಲ ನೋಡುತ್ತಿರಲು ಓಣಿ ದಾಟಿ ದಾಹಿಯ ಮುಂದೆ ಮಂಡಿಯೂರಿದ. ದಾಹಿಯ ಕೈಯಲ್ಲಿ ಚೂರಿ ಇತ್ತು. ಗಾದನ ಬದಲು ಪಕ್ಕದಲ್ಲಿ ಕಟ್ಟಿದ್ದ ಕುರಿಯ ಕುತ್ತಿಗೆ ಕೊಯ್ದು, ಬಟ್ಟೆಯನ್ನು ಕಿತ್ತುಕೊಂಡು, ಒಂದು ಮಾತೂ ಆಡದೆ ಒಳಗೆ ನಡೆದ. ಗಾದ್ ಊರಲ್ಲಿ ಇರಬಾರದೆಂದು ಒಪ್ಪಂದ. ಅವನು ಕಲ್ಲುಗಣಿಯ ಕೆಲಸಕ್ಕೆಂದು ದೂರದ ಅಸ್ವಾನಿನ ಕಡೆ ಹೋದ. ಅಂದು ಸಂಜೆ ಹರೀದಿಯ ಮನೆ ಮುಂದೆ ಸಂತಾಪ ಹೇಳಲು ಬರುವವರಿಗೆ ಕುರ್ಚಿಗಳನ್ನು ಹಾಕಿದರು. ನಬವಿಯಾ ಒಳಕೋಣೆಯಲ್ಲಿ ಕೂತು, ಮಗ ಸತ್ತ ಮೇಲೆ ಮೊದಲ ಬಾರಿಗೆ, ದನಿ ತೆಗೆದು ಅತ್ತಳು. ಓಣಿಯೆಲ್ಲ ನಿಂತು ಕೇಳಿತು.

ಶೇಖರು ಈಗ ಪ್ರವಚನದಲ್ಲಿ ಅವಳ ಕ್ಷಮೆಯ ಬಗ್ಗೆ ಹೇಳುವುದುಂಟು. ಅವಳಿಗೆ ಅದು ಸೇರುವುದಿಲ್ಲ. "ನಾನ್ಯಾವಾಗ ಕ್ಷಮಿಸಿದೆ? ಎಮ್ಮಿಗೆ ನೀರು ಕುಡಿಸೀನಿ, ಅಷ್ಟ. ಶೇಖರಿಗೆ ಸುಳ್ಳು ಹೇಳಬ್ಯಾಡ್ರಿ ಅಂತ ಹೇಳ್ರಿ" ಎನ್ನುತ್ತಾಳೆ.

ಮುಂಗೈ ಕೂಡಿಕೊಂಡಿತು, ಆದರೆ ಸೊಟ್ಟಗೆ. ಆ ಕೈಯಲ್ಲಿ ಹಿಟ್ಟು ನಾದಲು ಆಗುವುದಿಲ್ಲ. ಕುರ್ಚಿಗಳನ್ನು ತೆಗೆದ ಮೇಲೆ ಒಂದು ಬೆಳಿಗ್ಗೆ ಸತ್ತೂತಾ ಮಂಡಿ ಎಳೆಯುತ್ತ ಬಂದು, ಕೇಳದೆಯೇ ಪರಾತದ ಮುಂದೆ ಕೂತು ಹಿಟ್ಟಿಗೆ ಕೈ ಹಾಕಿದಳು. ನಬವಿಯಾ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಮರುದಿನವೂ ಬಂದಳು. ರೊಟ್ಟಿ ಸುಡುವ ದಿನಗಳಲ್ಲಿ ಇಬ್ಬರೂ ಎದುರುಬದುರು ಕೂತು, ಒಬ್ಬಳು ನಾದುತ್ತ, ಒಬ್ಬಳು ಎಡಗೈಯಲ್ಲಿ ಉಂಡೆ ತಟ್ಟುತ್ತ, ಮಾತಿಲ್ಲದೆ ಕೆಲಸ ಮುಗಿಸುತ್ತಿದ್ದರು. ಬೇಸಗೆ ಕಳೆಯುವ ಹೊತ್ತಿಗೆ ಒಂದು ದಿನ ನಬವಿಯಾ ಬಿಸಿ ರೊಟ್ಟಿಯ ತುಣುಕು ಮುರಿದು ಬಾಯಿಗೆ ಹಾಕಿಕೊಂಡಳು.

"ಉಪ್ಪು ಕಡಿಮಿ ಆಗೈತಿ" ಎಂದಳು.

"ನಾಳೆ ನೋಡಿ ಹಾಕ್ತೀನಿ" ಎಂದಳು ಸತ್ತೂತಾ.